ಹುಣಸಿಮಡ್ಡಿಯ ಕೆಂಪು ನೀರು

ಮುಧೋಳದ ರಾಜರ ಆಳಿಕೆ ಹೋಗಿ ಮುಂಬಯಿ ಸರ್ಕಾರ ಬಂದ ಮೇಲೆ ಹುಣಸಿಮಡ್ಡಿಗೆ ಸರ್ಕಾರದಿಂದ ಬಂದದ್ದೆಂದರೆ ಒಂದು ಸಾಲಿ, ಊರ ಹೆಸರಿನ ಒಂದು ಬೋರ್ಡು. ಆ ಬೇಸಿಗೆಯಲ್ಲಿ ಮೂರನೆಯದಾಗಿ ಔಷಧದ ಡಬ್ಬಿ ಬಂತು. ಪಟಕಿ ಬೇನೆ, ಅಂದರೆ ಕಾಲರಾ, ಎದ್ದಿತ್ತು. ಮುಂಜಾನೆ ವಾಂತಿ, ಮಧ್ಯಾಹ್ನಕ್ಕೆ ಭೇದಿ, ಹೊತ್ತು ಮುಳುಗುವುದರೊಳಗೆ ಗಟ್ಟಿ ಆಳು ಒಣಗಿದ ಸೌತೆಕಾಯಿಯಂತೆ ಆಗಿಬಿಡುತ್ತಿದ್ದ. ಅಲ್ಲಿಯವರೆಗೆ ಊರ ಹೆಂಗಸರು ಜಗಳ ಬಂದಾಗಲೆಲ್ಲ 'ನಿನಗ ಪಟಕಿ ಬಡೀಲಿ' ಎಂದೇ ಬೈದುಕೊಳ್ಳುತ್ತಿದ್ದರು. ಈಗ ಆ ಬೈಗುಳ ಬಾಯಿಗೆ ಬರದಂತಾಗಿ ಕೆಲವು ದಿನ ಜಗಳಗಳು ತೀರಾ ಸಪ್ಪೆಯಾಗಿದ್ದವು.

ಉಳಿದ ಅನುಕೂಲಗಳು ಒಂದೊಂದಾಗಿ ನಿಂತವು. ಮಹಾಲಿಂಗಪುರದ ಬಸ್ಸು ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಕಂಡಕ್ಟರು ಓಡುವ ಬಸ್ಸಿನಿಂದಲೇ ಟಪಾಲಿನ ಚೀಲವನ್ನು ಹುಣಸೆಮರದತ್ತ ಒಗೆಯುತ್ತಿದ್ದ. ಒಂದು ದಿನ ಚೀಲ ಟೊಂಗೆಗೆ ಸಿಕ್ಕಿಕೊಂಡಿತು. ಬೇನೆ ಬಂದ ಊರುಗಳನ್ನೆಲ್ಲ ಸುತ್ತಿ ಬಂದ ಚೀಲ ಎಂದು ಯಾರೂ ಮರ ಹತ್ತಲಿಲ್ಲ, ಅದು ಗಾಳಿಗೆ ಜೋತಾಡುತ್ತ ಅಲ್ಲೇ ಉಳಿಯಿತು. ಸಾಲಿಯ ಮಾಸ್ತರರು ಊರಿಗೆ ಹೋದರು. ಹೋಗುವಾಗ ಸಾಲಿಯ ಗಂಟೆಯನ್ನೂ ಒಯ್ದರು, ಯಾಕೆಂದು ದೇವರಿಗೇ ಗೊತ್ತು. ಹಡಪದ ಬಾಳು ಎದುರಿನವನ ಉಸಿರು ತಾಕಬಾರದೆಂದು ಮುಖವನ್ನು ಆ ಕಡೆ ತಿರುಗಿಸಿಕೊಂಡು ಕ್ಷೌರ ಮಾಡತೊಡಗಿದ. ಆ ತಿಂಗಳು ಊರ ಗಂಡಸರ ಮೀಸೆಗಳನ್ನು ನೀವು ನೋಡಬೇಕಿತ್ತು.

ನಿಲ್ಲದೆ ನಡೆಯುತ್ತಿದ್ದ ಸರ್ಕಾರಿ ಕೆಲಸ ಒಂದೇ, ಅದು ಧರೆಪ್ಪನದು. ಧರೆಪ್ಪ ಕುರಿ ಕಾಯುವ ಮನೆತನದವನು, ಬೀರೇಶ್ವರನ ಒಕ್ಕಲು. ಬಾವಿಗೆ ದಿನಾ ಔಷಧ ಹಾಕಲು ಅಕ್ಷರ ಬಲ್ಲ ಒಬ್ಬ ಆಳು ಬೇಕೆಂದು ಮುಧೋಳದಿಂದ ಬಂದ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಜಿನ್ನಪ್ಪನವರು ಕೇಳಿದಾಗ, ಊರೆಲ್ಲ ಇವನ ಕಡೆ ಬೆರಳು ಮಾಡಿತು. ಡಬ್ಬಿಯಲ್ಲಿ ಕಪ್ಪನೆಯ ಹರಳು. ಬೆಳಗಾಗುತ್ತಲೇ ಅದನ್ನು ಬಕೆಟ್ಟಿನಲ್ಲಿ ಕಲಸಿ ಬಾವಿಗೆ ಇಳಿಸಿ ಅಲುಗಾಡಿಸಬೇಕು; ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ವಾರದೊಳಗೆ ಧರೆಪ್ಪನ ಎರಡೂ ಕೈ ಹೊಗೆಸೊಪ್ಪಿನ ಬಣ್ಣಕ್ಕೆ ಬಂದವು. ಮಾತೂ ಬದಲಾಯಿತು. ಮೊದಲು ಕುರಿಗಳ ಜೊತೆ ಮಾತಾಡುವಷ್ಟೇ ಮೆತ್ತಗೆ ಮನುಷ್ಯರ ಜೊತೆಗೂ ಮಾತಾಡುತ್ತಿದ್ದವನು ಈಗ ಬಾಯಿ ತೆರೆದರೆ 'ಸರ್ಕಾರದ ಹುಕುಂ ಐತಿ' ಎನ್ನುತ್ತಿದ್ದ. ಉಣ್ಣಲು ಕೂತಾಗಲೂ ಒಮ್ಮೆ ಅಂದ. ಹೆಂಡತಿ ಸೋಮವ್ವ ರೊಟ್ಟಿಯ ಬುಟ್ಟಿಯನ್ನು ಅವನ ಮುಂದೆ ಇಟ್ಟು ಒಳಗೆ ಹೋದಳು.

ಕೆಂಪು ನೀರನ್ನು ಕುಡಿಯಲೊಲ್ಲೆ ಎಂದವಳು ಧರೆಪ್ಪನ ತಾಯಿ ಸಿದ್ದಕ್ಕ. ಇದೇ ಎಲ್ಲಕ್ಕೂ ಮೂಲ. ಗಂಡ ಸತ್ತ ಮೇಲೆ ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಕಾಯ್ದವಳು. ಕದರು ಹಿಡಿದು ಕೂತರೆ ಉಣ್ಣೆ ನೂಲೂ ಸಣ್ಣ, ಬಾಯಿಯೂ ಹರಿತ. ಆಕೆ ಬಿತ್ತು ಅಂದರೆ ಓಣಿ ಬಿತ್ತುತ್ತಿತ್ತು, ಬೇಡ ಅಂದರೆ ಬಿಡುತ್ತಿತ್ತು. ಮೊದಲ ದಿನ ಕೊಡ ಮೇಲೆ ಬಂದಾಗ ಆಕೆ ಒಳಗೆ ಇಣುಕಿ ನೋಡಿದಳು.

"ಯಾವ ಕುರಿ ಕೊಯ್ದು ತೊಳದೀಯೋ ಇದರಾಗ?"

"ಔಷಧ ಬೇ. ಸರ್ಕಾರದ ಹುಕುಂ ಐತಿ, ಕುಡೀಬೇಕು."

"ರಾಜರು ಇದ್ದಾಗ ಒಬ್ಬರೂ ನಮ್ಮ ಕೊಡದಾಗ ಇಣುಕಿ ನೋಡಿರಲಿಲ್ಲ. ಈ ಮುಂಬಯಿಯವ್ರಿಗೆ ನಾ ನೀರು ಕುಡಿಯೂದು ಯಾಕ ಬೇಕಾತು?"

ಜಿನ್ನಪ್ಪನವರು ಸೈಕಲ್ಲಿನ ಮೇಲೆ ಬಂದು ತಿಳಿಸಿ ಹೇಳಿದರು. ಒಳ್ಳೆಯ ಮನುಷ್ಯ, ತೇರದಾಳದ ಜೈನರು. ಬಾವಿ ಕಟ್ಟೆಯ ಮೇಲೆ ನಿಂತು ಕೆಂಪು ನೀರಿನ ಹಿರಿಮೆಯನ್ನು ಗಂಟಲು ಒಣಗುವವರೆಗೆ ವರ್ಣಿಸಿದರು. ಗಂಟಲು ನಿಜಕ್ಕೂ ಒಣಗಿತು. ಆಗ ಸೈಕಲ್ಲಿಗೆ ಕಟ್ಟಿದ್ದ ಹಿತ್ತಾಳೆ ತಂಬಿಗೆ ಬಿಚ್ಚಿ, ಅದರ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆ ತೆಗೆದು, ಮನೆಯಿಂದ ತಂದ ನೀರನ್ನು ಗಟಗಟ ಕುಡಿದರು. ಕುಡಿದಾದ ಮೇಲೆ ತಂಬಿಗೆಯನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತರು.

"ಸಾಹೇಬ್ರ, ನಿಮ್ಮ ಔಷಧಾ ನೀವು ಕುಡಿಯಂಗಿಲ್ಲೇನ್ರಿ?" ಎಂದಳು ಸಿದ್ದಕ್ಕ.

"ನಮ್ಮದು ವ್ರತ ಐತೆವ್ವಾ. ಸೋಸಿ ಕಾಸಿದ್ದು, ಅದೂ ನಮ್ಮ ಮನೀದs ಆಗಬೇಕು."

"ನಂದೂ ವ್ರತ ಐತ್ರಿ. ಕೆಂಪಂದು ಕುಡಿಯಂಗಿಲ್ಲ."

"ಯಾವಾಗಿಂದ?"

"ಈಗಿನ್ನ ಹಿಡದೇನ್ರಿ."

ಮರುದಿನದಿಂದ ಸಿದ್ದಕ್ಕ ಕೊಡ ಹೊತ್ತು ಹಳ್ಳದ ಒರತಿಗೆ ಹೋಗತೊಡಗಿದಳು. ಜೊತೆಗೆ ಪಕ್ಕದ ಮನೆಯ ಯಲ್ಲಕ್ಕ. ಅವರ ಹಿಂದೆ ಇಡೀ ಓಣಿ. ಬೇಸಿಗೆಯ ಹಳ್ಳ, ಉಸುಕಿನಲ್ಲಿ ತೋಡಿದ ಗುಂಡಿಯಲ್ಲಿ ಒಂದಿಷ್ಟು ನೀರು ಜಿನುಗುತ್ತಿತ್ತು. ಅದೇ ಹಳ್ಳದ ಮೇಲ್ಗಡೆ, ತೋಟದ ಗುಡಿಸಲಲ್ಲಿ ಕೆಂಪವ್ವ ಎಂಬಾಕೆ ಪಟಕಿಯಲ್ಲಿ ಸತ್ತಿದ್ದಳು. ಆಕೆಯ ಹಾಸಿಗೆ, ಸೀರೆ ಎಲ್ಲವನ್ನೂ ಅಲ್ಲೇ ಒಗೆದಿದ್ದರು. ಧರೆಪ್ಪ ಅದನ್ನು ಕಣ್ಣಾರೆ ನೋಡಿದ್ದ. ಅವ್ವ ತುಂಬಿದ ಕೊಡ ಹೊತ್ತು ತಿರುಗಿ ಬರುವಾಗ ಅವನು ಹಿಡಿದ ಬಕೆಟ್ಟನ್ನು ಅಲ್ಲೇ ಇಟ್ಟು ಓಡುತ್ತಿದ್ದ. ಎದುರು ಹೋಗಿ ನಿಂತು ಏನೋ ಹೇಳಬೇಕೆಂದುಕೊಳ್ಳುತ್ತಿದ್ದ. ಬಾಯಿಂದ ಬರುತ್ತಿದ್ದದ್ದು ಮಾತ್ರ 'ಸರ್ಕಾರದ ಹುಕುಂ' ಎಂಬುದೇ. ಸಿದ್ದಕ್ಕ ಅವನನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದಳು.

ಕೊನೆಗೆ ಅವನು ಬೀರೇಶ್ವರನ ಗುಡಿಯ ಪೂಜಾರಿ ಗಿರಮಲ್ಲಪ್ಪನ ಹತ್ತಿರ ಹೋದ. ಸರ್ಕಾರದ ಮಾತು ಕೇಳದ ಅವ್ವ ದೇವರ ಮಾತನ್ನಾದರೂ ಕೇಳಿಯಾಳು. ಭಂಡಾರವೆಂದರೆ ಸಿದ್ದಕ್ಕನಿಗೆ ಪ್ರಾಣ. ಆ ಅರಿಷಿಣದ ಪುಡಿಯನ್ನು ಹಣೆಗೆ ಹಚ್ಚಿಕೊಳ್ಳದೆ ಆಕೆ ಹೊಸ್ತಿಲು ದಾಟಿದವಳಲ್ಲ. ಬಾವಿಗೆ ಭಂಡಾರ ಬಿದ್ದರೆ ಆ ನೀರನ್ನು ಬೇಡ ಅನ್ನುವ ಎದೆಗಾರಿಕೆ ಆಕೆಗೆ ಇರಲಿಲ್ಲ.

"ಪಟಕಿ ಬಂದು ಗುಡೀಗೂ ಯಾರೂ ಬರವಲ್ರು," ಎಂದ ಗಿರಮಲ್ಲಪ್ಪ. "ನಡಿ, ಮಾಡೂಣು."

ಆದಿತ್ಯವಾರ ಡೊಳ್ಳು ಬಾರಿಸಿಕೊಂಡು ಎಲ್ಲರೂ ಬಾವಿಗೆ ಹೋದರು. ಧರೆಪ್ಪ ಮೊದಲೇ ಔಷಧ ಹಾಕಿದ್ದ; ನೀರು ಗುಲಾಬಿಯಾಗಿ ಹೊಳೆಯುತ್ತಿತ್ತು. ಗಿರಮಲ್ಲಪ್ಪ ಒಂದು ಹಿಡಿ ಭಂಡಾರ ಹಾಕುತ್ತಾನೆ ಎಂದುಕೊಂಡಿದ್ದರೆ ಅವನು ಹರಿವಾಣ ತುಂಬ ತಂದಿದ್ದ. ದೇವರ ಕೆಲಸದಲ್ಲಿ ಜಿಪುಣತನ ಮಾಡಬಾರದೆಂದು ಹೆಂಗಸರು ತಮ್ಮ ತಮ್ಮ ಮನೆಯ ಭಂಡಾರದ ಚೀಲಗಳನ್ನೂ ತಂದು ಸುರಿದರು. ಸಿದ್ದಕ್ಕ ಅಂತೂ ಮಗನ ಮದುವೆಯಿಂದ ಕೂಡಿಟ್ಟಿದ್ದನ್ನೆಲ್ಲ ಹಾಕಿದಳು. ನೀರು ಮೊದಲು ಕಂದಾಯಿತು, ಆಮೇಲೆ ಹಳದಿಯಾಯಿತು. ಎಲ್ಲರೂ ನೋಡುತ್ತಿದ್ದಂತೆಯೇ ಕೆಂಪು ಮಾಯವಾಯಿತು.

"ಬೀರಪ್ಪ ಕೆಂಪು ನುಂಗಿದಾ!" ಎಂದು ಗಿರಮಲ್ಲಪ್ಪ ಕೂಗಿದ. ಡೊಳ್ಳಿನವರು ಚರ್ಮ ಹರಿಯುವಂತೆ ಬಾರಿಸಿದರು.

ಸಿದ್ದಕ್ಕ ಕಣ್ಣು ಮುಚ್ಚಿ ಬೊಗಸೆ ತುಂಬ ಕುಡಿದಳು. ಓಣಿಯೆಲ್ಲ ಕುಡಿಯಿತು. ಧರೆಪ್ಪ ನೀರು ಸೇದುವ ಗಾಲಿಯ ಕಂಬದ ಮರೆಗೆ ನಿಂತು ಕಣ್ಣು ಒರೆಸಿಕೊಂಡ. ಹೊಗೆಸೊಪ್ಪಿನ ಬಣ್ಣದ ಆ ಕೈಗಳಿಂದ ಒರೆಸಿಕೊಂಡದ್ದಕ್ಕೆ ಮುಖವೆಲ್ಲ ಗಲೀಜಾಯಿತು. ಅಂದಿನಿಂದ ದಿನಾ ಅದೇ ಪದ್ಧತಿ ನಡೆಯಿತು: ಮುಂದೆ ಧರೆಪ್ಪನ ಔಷಧ, ಹಿಂದೆಯೇ ಗಿರಮಲ್ಲಪ್ಪನ ಭಂಡಾರ.

ಮುಂದಿನ ಸಲ ಬಂದ ಜಿನ್ನಪ್ಪನವರು ಬಕೆಟ್ಟು ಇಳಿಸಿ, ಮೇಲೆತ್ತಿ, ಒಳಗೆ ನೋಡಿ, ಇನ್ನೊಮ್ಮೆ ಇಳಿಸಿ ಮೇಲೆತ್ತಿ ನೋಡಿದರು.

"ಏನ್ ಹಾಕೀರಿ ಇದಕ್ಕ?"

ಧರೆಪ್ಪ ಹೆಮ್ಮೆಯಿಂದಲೇ ಹೇಳಿದ. ಜಿನ್ನಪ್ಪನವರು ಕಟ್ಟೆಯ ಮೇಲೆ ಕುಸಿದು ಕೂತರು.

"ಧರೆಪ್ಪಾ, ಆ ಔಷಧ ನೀರಿನ್ಯಾಗಿನ ಹೊಲಸು ತಿನ್ನಾಕ ಹಾಕೂದು. ನೀವು ಅದಕ್ಕ ಹೊಟ್ಟಿ ತುಂಬ ಅರಿಷಿಣ ಉಣಿಸೀರಿ. ಉಂಡು ತೇಗಿದ ಮ್ಯಾಲ ಅದು ಹೊಲಸಿಗೆ ಯಾಕ ಬಾಯಿ ಹಾಕತೈತಿ? ಇಷ್ಟು ದಿನಾ ನೀವು ಕುಡದಿದ್ದು ಬರೇ ಹಳದಿ ನೀರು."

ಧರೆಪ್ಪನಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಯಲ್ಲಕ್ಕನ ಮನೆಯಿಂದ ಕೂಗು ಕೇಳಿಬಂತು. ಯಲ್ಲಕ್ಕನಿಗೆ ಮುಂಜಾನೆಯಿಂದ ವಾಂತಿ. ಗಾಡಿ ಕಟ್ಟಿ ಆಕೆಯನ್ನು ಮುಧೋಳದ ದವಾಖಾನೆಗೆ ಒಯ್ದರು. ಆಕೆ ಬಾವಿಯದೂ ಕುಡಿದಿದ್ದಳು, ಬಟ್ಟೆ ಒಗೆಯಲು ಹೋದಾಗ ಹಳ್ಳದ್ದೂ ಕುಡಿದಿದ್ದಳು; ಯಾವ ನೀರು ಆಕೆಯನ್ನು ಕೆಡವಿತೆಂದು ಜಿನ್ನಪ್ಪನವರಿಗೂ ಹೇಳಲಾಗಲಿಲ್ಲ. ಧರೆಪ್ಪನಿಗೆ ಮಾತ್ರ ಅನುಮಾನವೇ ಇರಲಿಲ್ಲ. ತನ್ನ ಜಾಣತನವೇ ಆಕೆಯನ್ನು ಗಾಡಿ ಹತ್ತಿಸಿತೆಂದು ನಂಬಿ, ಅವನು ಗಾಡಿಯ ಹಿಂದೆ ದಾರಿಯ ಬೆಳಗಲಿ ಊರಿನವರೆಗೂ ನಡೆದ.

ಮರುದಿನ ಮುಂಜಾನೆ ಅವನು ಬರೀ ಔಷಧ ಹಾಕಿದ. ಗಿರಮಲ್ಲಪ್ಪ ಹರಿವಾಣ ಹಿಡಿದು ಬಂದಾಗ ಕೈ ಅಡ್ಡ ಹಿಡಿದ. ಗಿರಮಲ್ಲಪ್ಪ ಸಿಟ್ಟಿನಿಂದ ದೇವರನ್ನು, ಧರೆಪ್ಪನನ್ನು, ಮುಂಬಯಿಯನ್ನು ಒಟ್ಟಿಗೆ ಕೂಗತೊಡಗಿದ. ಓಣಿ ನೆರೆಯಿತು. ಬಾವಿ ಮತ್ತೆ ಕೆಂಪಾಗಿದ್ದನ್ನು ಸಿದ್ದಕ್ಕ ನೋಡಿದಳು. ಖಾಲಿ ಕೊಡ ಟೊಂಕಕ್ಕೆ ಏರಿಸಿ ಹಳ್ಳದ ದಾರಿ ಹಿಡಿದಳು. ಹೆಂಗಸರು ತಮ್ಮ ತಮ್ಮ ಕೊಡ ಎತ್ತಿಕೊಂಡು ಹಿಂದೆ ಹೊರಟರು. ಧರೆಪ್ಪ ಓಡಿಹೋಗಿ ದಾರಿಗೆ ಅಡ್ಡ ನಿಂತ.

"ಹಳ್ಳಕ್ಕ ಹೋಗಬ್ಯಾಡ ಬೇ. ಸರ್ಕಾರದ..."

"ಸರ್ಕಾರ ಆತು," ಎಂದಳು ಸಿದ್ದಕ್ಕ. "ಸಾಹೇಬ ಆದಾ. ಡೊಳ್ಳು ಬಾರಿಸಿ ಬೀರಪ್ಪನ್ನೂ ಕರಕೊಂಡು ಬಂದಿ. ನಿನ್ನೆ ಯಲ್ಲಕ್ಕ ಗಾಡ್ಯಾಗ ಹ್ವಾದ್ಲು. ಇನ್ನ ಯಾರನ್ನ ಕರಕೊಂಡು ಬರ್ತೀಯಪ್ಪಾ?"

ಕರೆತರಲು ಇನ್ನು ಯಾರೂ ಉಳಿದಿರಲಿಲ್ಲ. ಧರೆಪ್ಪ ಕೈಯನ್ನು ಒಮ್ಮೆ ನೋಡಿಕೊಂಡ, ಒಮ್ಮೆ ಅವ್ವನ ಮುಖ ನೋಡಿದ.

"ದೇವರದೇನೂ ತಪ್ಪಿಲ್ಲ ಬೇ. ಭಂಡಾರ ಹಾಕಿಸಿದಾಂವಾ ನಾನು. ನೀ ಕುಡೀಲಿ ಅಂತ ಹಾಕಿಸ್ನಿ. ಅದು ಔಷಧ ಕೆಡಿಸ್ತು, ನಂಗ ತಿಳೀಲಿಲ್ಲ." ಅವನು ಅವ್ವನ ಟೊಂಕದ ಮೇಲಿನ ಕೊಡವನ್ನು ಹಿಡಿದುಕೊಂಡ. "ಕೆಂಪವ್ವನ ಸೀರಿ ಆ ಹಳ್ಳದಾಗ ಒಗದಿದ್ದು ನಾ ನೋಡೇನಿ. ನೀ ಕೊಡ ಹೊತ್ತು ಬರೂದು ನೋಡಿದ್ರ ನನಗ ಜೀವs ಇರವಲ್ದು. ನೀ ಸತ್ರ ನಾ ಏನ್ ಮಾಡ್ಲಿ ಬೇ? ನಂಗ ಮತ್ಯಾರದಾರ?"

ಸೋಮವ್ವ ಬೆನ್ನ ಹಿಂದೆಯೇ ನಿಂತಿದ್ದಳು. ಆ ಕೊನೆಯ ಮಾತಿಗಾಗಿ ಆಕೆ ಮುಂದೆ ಬಹಳ ದಿನ ಅವನ ಜೊತೆ ಮಾತು ಬಿಟ್ಟಳು, ಅದು ಬೇರೆ ವಿಷಯ.

ಧರೆಪ್ಪ ಹಾಡುಹಗಲಲ್ಲಿ, ಓಣಿಯ ನಡುವೆ, ಬಾಯಿ ತೆರೆದು ಅತ್ತ. ಹಡಪದ ಬಾಳು ಅಭ್ಯಾಸಬಲದಿಂದ ಮುಖ ಆ ಕಡೆ ತಿರುಗಿಸಿದ. ಗಿರಮಲ್ಲಪ್ಪ ಕೂಡ ಕೂಗುವುದನ್ನು ನಿಲ್ಲಿಸಿ ಹರಿವಾಣವನ್ನು ಕಂಕುಳಕ್ಕೆ ಸೇರಿಸಿಕೊಂಡ.

ಸಿದ್ದಕ್ಕ ಕೊಡವನ್ನು ಕೆಳಗೆ ಇಟ್ಟಳು.

"ಹಿಂಗಂತ ಮೊದಲs ಹೇಳಾಕ ಏನ್ ಧಾಡಿ ಆಗಿತ್ತೋ ನಿನಗ, ಮೂಳಾ?" ಎಂದಳು. "ಸರ್ಕಾರ ಅಂತ, ಹುಕುಂ ಅಂತ. ನಾ ಏನ್ ಸರ್ಕಾರನ್ನ ಬೆನ್ನಿಗೆ ಕಟ್ಟಿಕೊಂಡು ಕುರಿ ಕಾಯ್ದಿದ್ನ್ಯಾ? ತಾ ಇಲ್ಲೆ, ಆ ಹೊಲಸ ನೀರು."

ಸೋಮವ್ವ ತಂಬಿಗೆ ತುಂಬಿ ತಂದುಕೊಟ್ಟಳು. ಸಿದ್ದಕ್ಕ ಒಂದೇ ಉಸಿರಿಗೆ ಕುಡಿದು, ಮುಖ ಕಿವುಚಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ತುಕ್ಕು ಹಿಡದ ಕುಡಗೋಲು ನೆಕ್ಕಿದಂಗ ಐತಿ," ಎಂದಳು. ಆಮೇಲೆ ಹಿಂದೆ ನಿಂತಿದ್ದ ಓಣಿಯತ್ತ ತಿರುಗಿದಳು. "ಏನ್ ನೋಡಾಕತ್ತೀರಿ? ನಿಮ್ಮ ನಿಮ್ಮ ಮಕ್ಕಳನ್ನ ಕರೀರಿ, ಅಳಸ್ರಿ, ಕುಡೀರಿ!"

ಯಾರೂ ಮಕ್ಕಳನ್ನು ಅಳಿಸಲಿಲ್ಲ, ಆದರೆ ಎಲ್ಲರೂ ಕುಡಿದರು. ಆ ದಿನದ ಮೇಲೆ ಹುಣಸಿಮಡ್ಡಿಯಲ್ಲಿ ಯಾರೂ ಹಾಸಿಗೆ ಹಿಡಿಯಲಿಲ್ಲ. ಯಲ್ಲಕ್ಕ ಅರ್ಧ ಆಳಾಗಿ, ಗಾಡಿಯಲ್ಲಿ ಕೂತು ಮುಧೋಳದಿಂದ ತಿರುಗಿ ಬಂದಳು. ಇಳಿಯುವುದರೊಳಗೆ ಸಿದ್ದಕ್ಕ ಆಕೆಯ ಕೈಗೆ ಕೆಂಪು ನೀರಿನ ತಂಬಿಗೆ ತುರುಕಿದಳು. ಗಿರಮಲ್ಲಪ್ಪ ಭಂಡಾರವನ್ನು ಬಾವಿಯ ಬದಲು ಬಾವಿಗೆ ಬರುವವರ ಹಣೆಗೆ ಹಚ್ಚಿ ತನ್ನ ಕೆಲಸ ಉಳಿಸಿಕೊಂಡ. ಜಿನ್ನಪ್ಪನವರು ಬಂದು, ಈ ಜನ ಹೇಗೆ ಒಪ್ಪಿದರು ಎಂದು ಕೇಳಿದರು.

"ಸರ್ಕಾರದ ಹುಕುಂ ತಿಳಿಸಿ ಹೇಳಿದ್ನಿರಿ," ಎಂದ ಧರೆಪ್ಪ.

ಮಳೆ ಹಿಡಿಯಿತು. ಗಾಳಿಗೆ ಟಪಾಲಿನ ಚೀಲ ತಾನಾಗಿಯೇ ಕೆಳಗೆ ಬಿತ್ತು, ಬಸ್ಸು ನಿಲ್ಲತೊಡಗಿತು, ಮಾಸ್ತರರು ಗಂಟೆಯ ಸಮೇತ ಬಂದರು. ಪಟಕಿ ಹೋಯಿತೆಂದು ಔಷಧದ ಡಬ್ಬಿಯನ್ನು ಜಿನ್ನಪ್ಪನವರು ತಿರುಗಿ ಒಯ್ದರು. ಮರುದಿನ ಮುಂಜಾನೆ ಬಾವಿಯಲ್ಲಿ ಮೊದಲಿನ ಹಾಗೆ ತಿಳಿ ನೀರು. ಸಿದ್ದಕ್ಕ ತಂಬಿಗೆ ತುಂಬಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಕುಡಿದಿರಲಿಲ್ಲ.

ಧರೆಪ್ಪ ಕುರಿ ಬಿಟ್ಟುಕೊಂಡು ಹೊರಟವನು ನಿಂತ. "ಯಾಕ ಬೇ? ಔಷಧ ಇಲ್ಲ ಅದರಾಗ. ಸರ್ಕಾರದ ಹುಕುಂ ಮುಗೀತು."

"ಮುಗೀಲಿ," ಎಂದಳು ಸಿದ್ದಕ್ಕ. "ನೀ ಹೇಳು."

ಕುರಿಗಳು ಮುಂದೆ ಹೋಗಿಬಿಟ್ಟಿದ್ದವು. ಧರೆಪ್ಪ ತನ್ನ ಕೈಯ ಕಲೆಯನ್ನು ಧೋತರಕ್ಕೆ ತಿಕ್ಕಿದ.

"ಕುಡಿ ಬೇ," ಎಂದ.

ಸಿದ್ದಕ್ಕ ಕುಡಿದಳು.