ಕುಸುಮಾವತಿ ನೋಡದ ಡ್ರೆಸ್ಡನ್

ಸತ್ತವರಿಗೆ ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು ಎಂಬುದು ತುಳುನಾಡಿನ ಕ್ರಮ. ಗಲ್ಫಿನ ಮಹಬೂಲಾದ ಫ್ಲ್ಯಾಟಿನ ಬಾಗಿಲು ಎಳೆದ ಕೂಡಲೇ ತಾನಾಗಿ ಬೀಗ ಹಾಕಿಕೊಳ್ಳುತ್ತದೆ ಎಂಬುದು ಆ ಕ್ರಮ ಮಾಡಿದ ಹಿರಿಯರಿಗೆ ಗೊತ್ತಿರಲಿಲ್ಲ. ಹಾಗಾಗಿ, ಹಿರಿಯರಿಗೆ ಬಡಿಸುವ ಆಟಿ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಯಶೋಧರ ಮತ್ತು ಅವನ ಮಗಳು ಅಪೇಕ್ಷಾ ಏಳನೇ ಮಹಡಿಯ ಕಾರಿಡಾರಿನಲ್ಲಿ ಬರಿಗಾಲಲ್ಲಿ ನಿಂತಿದ್ದರು. ಒಳಗೆ ಬಾಳೆಲೆಯ ಮೇಲೆ ಕೋರಿರೊಟ್ಟಿ, ಪತ್ರೊಡೆ, ಕಳ್ಳಿನ ಬದಲಿಗೆ ದಾಳಿಂಬೆ ರುಚಿಯ ಮಾಲ್ಟ್ ಪಾನೀಯ. ಕೀಲಿಕೈ, ಪಾಸ್‌ಪೋರ್ಟು, ಸಂಜೆಯ ವಿಮಾನಕ್ಕೆ ಕಟ್ಟಿದ ಪೆಟ್ಟಿಗೆ ಎಲ್ಲವೂ ಒಳಗೆ.

"ಪಪ್ಪಾ, ಕೀ ತಗೊಂಡಿಲ್ವಾ? ಸೀರಿಯಸ್ಲಿ?"

ಯಶೋಧರ ಖಾಲಿ ಜೇಬು ಮುಟ್ಟಿ ನೋಡಿಕೊಂಡ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಅವನು ಕೀಲಿಕೈ ಇಟ್ಟುಕೊಂಡವನೇ ಅಲ್ಲ. ಬೆಲ್ ಒತ್ತಿದರೆ ಕುಸುಮಾವತಿ ತೆರೆಯುತ್ತಿದ್ದಳು.

ಕುಸುಮಾವತಿ ಇಲ್ಲೇ ಖೈತಾನಿನ ಶಾಲೆಯೊಂದರಲ್ಲಿ ಚಿತ್ರಕಲೆಯ ಟೀಚರಾಗಿದ್ದಳು. ಜರ್ಮನಿಯ ಡ್ರೆಸ್ಡನ್ನಿನ ಚಿತ್ರಶಾಲೆಯಲ್ಲಿ ಮೋಡದ ಮೇಲೆ ಮಗುವನ್ನೆತ್ತಿ ನಡೆದು ಬರುವ ತಾಯಿಯೊಬ್ಬಳ ಚಿತ್ರವಿದೆ. ಕೆಳಗೆ ರೆಕ್ಕೆಯ ಇಬ್ಬರು ಮಕ್ಕಳು ಬೇಸರ ಬಂದವರಂತೆ ಮೇಲೆ ನೋಡುತ್ತಾರೆ. ಅದನ್ನು ಕ್ಲಾಸಿನಲ್ಲಿ ಇಪ್ಪತ್ತೆರಡು ವರ್ಷ ತೋರಿಸಿದ್ದಳು, ಕ್ಯಾಲೆಂಡರಿನಿಂದ ಕತ್ತರಿಸಿದ ಪ್ರತಿಯಲ್ಲಿ. ಈ ಆಗಸ್ಟಿಗೆ ಹೋಗುವುದೆಂದು ದಿನವಾರು ಪಟ್ಟಿಯನ್ನೂ ಬರೆದಿದ್ದಳು: "ಎರಡನೇ ದಿನ ಚಿತ್ರಶಾಲೆ. ಮೊದಲು ತಾಯಿ. ಉಳಿದದ್ದು ಕಾಲು ನೋಯದಿದ್ದರೆ. ಮೂರನೇ ದಿನ ಯುದ್ಧದಲ್ಲಿ ಬಿದ್ದು ಮತ್ತೆ ಕಟ್ಟಿದ ಇಗರ್ಜಿ, ಹೊಸ ಗೋಡೆಯಲ್ಲಿ ಹಳೆಯ ಕಪ್ಪು ಕಲ್ಲು ಹುಡುಕುವುದು." ಮಾರ್ಚಿನಲ್ಲಿ ಎರಡೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಶವವನ್ನು ಕಾರ್ಕಳಕ್ಕೆ ಒಯ್ದು ಸುಟ್ಟು, ಬೊಜ್ಜದ ಉತ್ತರಕ್ರಿಯೆ ಮುಗಿಸಿ, ಯಶೋಧರ ಒಬ್ಬನೇ ಮರಳಿದ.

ಒಬ್ಬನೇ ಎಂದು ಅವನು ತಿಳಿದಿದ್ದ.

ಅವಳಿಗಾಗಿಯಾದರೂ ನೋಡಿ ಬರೋಣವೆಂದು, ಮಗಳು ರಜೆಗೆ ಬಂದ ಮೇಲೆ, ಪೆಟ್ಟಿಗೆ ತುಂಬತೊಡಗಿದಾಗ ಶುರುವಾಯಿತು. ರಾತ್ರಿ ಮುಚ್ಚಿಟ್ಟ ಪೆಟ್ಟಿಗೆಯನ್ನು ಬೆಳಿಗ್ಗೆ ತೆರೆದರೆ ಮೇಲುಗಡೆ ಕುಸುಮಾವತಿಯ ಬೂದು ಸ್ವೆಟರ್ ಇರುತ್ತಿತ್ತು, ಅವಳೇ ಮಡಚುವ ಹಾಗೆ ತೋಳು ಒಳಗೆ ಹಾಕಿ. ತೆಗೆದಿಟ್ಟ. ಮರುದಿನವೂ ಇತ್ತು. ಮೂರನೆಯ ದಿನ ಮಗಳನ್ನು ಕೇಳಿದ.

"ನಾಟ್ ಮಿ, ಪಪ್ಪಾ." ಅವಳ ಮುಖ ಬಿಳುಚಿತ್ತು. "ನೀವೇ ಇಡ್ತಿದ್ದೀರಿ ಅಂದ್ಕೊಂಡೆ."

ಊರಿನ ಅಕ್ಕನಿಗೆ ಫೋನು ಹೋಯಿತು. ಅಕ್ಕನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಅವಳು ನಿನ್ನ ಒಟ್ಟಿಗೇ ವಿಮಾನದಲ್ಲಿ ವಾಪಸ್ ಬಂದಿದ್ದಾಳೆ ಮಾರಾಯ."

"ಅವಳ ಇಕಾಮಾ ಕ್ಯಾನ್ಸಲ್ ಆಗಿದೆ ಅಕ್ಕ. ಇಲ್ಲಿ ಇರಲು ಪರವಾನಗಿಯೇ ಇಲ್ಲ."

"ನಿನ್ನ ತಮಾಷೆ ಅಲ್ಲಿಡು. ಆಟಿಯಲ್ಲಿ ಬಡಿಸು. ಬಾಗಿಲು ಎಳೆಯುವಾಗ, ಉಂಡದ್ದಾಯ್ತು, ಇನ್ನು ನಿನ್ನ ಜಾಗಕ್ಕೆ ಹೋಗು, ನಮ್ಮ ಹಿಂದೆ ಬರಬೇಡ ಅಂತ ಹೇಳಬೇಕು. ಹೇಳದೆ ಹೊರಟೆಯೋ, ಅವಳು ಜರ್ಮನಿಯಲ್ಲಿ ಉಳಿಯುತ್ತಾಳೆ. ಅಲ್ಲಿಂದ ನಮ್ಮ ಹಿರಿಯರ ಸಾಲಿಗೆ ಕರೆದುಕೊಂಡು ಬರುವವರು ಯಾರು? ಅವಳಿಗೆ ದಾರಿ ಗೊತ್ತುಂಟಾ?"

ಬಡಿಸುವುದನ್ನೆಲ್ಲ ಯಶೋಧರ ಸರಿಯಾಗಿಯೇ ಮಾಡಿದ. ಆ ಮಾತೊಂದು ಬಾಯಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಕಾದವಳಿಗೆ, ಹೊರಡುವ ದಿನವೇ, ಬರಬೇಡ ಎನ್ನುವುದು ಹೇಗೆ? ಸುಮ್ಮನೆ ಬಾಗಿಲು ಎಳೆದಿದ್ದ.

ಎದುರು ಮನೆಯ ಆಚುಮ್ಮ ಕಸದ ಚೀಲ ಹಿಡಿದು ಹೊರಗೆ ಬಂದರು. ಉಳ್ಳಾಲದವರು. "ಎಂತ ಯಶೋಧರಣ್ಣ, ಹೊರಗೆ ನಿಂತದ್ದು?"

"ಒಳಗೆ ಊಟ ನಡೀತಾ ಉಂಟು."

ಆಚುಮ್ಮ ಅವರ ಬರಿಗಾಲು ನೋಡಿದರು, ಮುಚ್ಚಿದ ಬಾಗಿಲು ನೋಡಿದರು. "ಆಟಿ ಅಲ್ವಾ," ಎಂದು ದನಿ ತಗ್ಗಿಸಿದರು. "ಕುಸುಮಕ್ಕನಿಗಾ? ಹಾಗಾದ್ರೆ ಅವಸರ ಮಾಡಬೇಡಿ. ಅವರು ಉಣ್ಣುವುದು ಯಾವಾಗಲೂ ನಿಧಾನ." ಕಸದ ಚೀಲದ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಟ್ಟಡದ ಕಾವಲುಗಾರ ಹಾರಿಸನ ಹತ್ತಿರ ಇನ್ನೊಂದು ಕೀಲಿಕೈ ಇರಬಹುದೆಂದು ಅಪೇಕ್ಷಾ ಲಿಫ್ಟಿನಲ್ಲಿ ಕೆಳಗಿಳಿದಳು. ಯಶೋಧರ ಒಬ್ಬನೇ ಉಳಿದ.

ಆಗ ಒಳಗೆ ಕುರ್ಚಿ ಎಳೆದ ಸದ್ದಾಯಿತು. ಬಡಿಸಿದ್ದು ನೆಲದ ಮೇಲೆ. ಕುರ್ಚಿಗಳನ್ನು ಅವನೇ ಗೋಡೆಗೆ ಒತ್ತಿಟ್ಟು ಬಂದಿದ್ದ. ಸದ್ದು ಬಾಗಿಲ ಹತ್ತಿರದವರೆಗೆ ಬಂದು ನಿಂತಿತು. ಯಾರೋ ಅಲ್ಲಿ ಕೂತು ಕೇಳುತ್ತಿರುವ ಹಾಗೆ.

ಯಶೋಧರ ಬಾಗಿಲಿಗೆ ಇನ್ನೂ ಹತ್ತಿರ ಸರಿದ. ಹಣೆಯನ್ನು ಬಾಗಿಲಿಗೆ ಆನಿಸಿದ.

"ಕುಸುಮಾ, ಉಂಡದ್ದಾಯ್ತಲ್ಲ," ಎಂದ. "ನೀನು ಬರಬೇಡ. ಅಲ್ಲಿ ಕಳೆದುಹೋದರೆ ನಿನ್ನನ್ನು ಹುಡುಕುವವರಿಲ್ಲ. ನಿನ್ನ ಜಾಗಕ್ಕೆ ಹೋಗು. ನಾನು ನೋಡಿಕೊಂಡು ಬರ್ತೇನೆ. ಮುಂದಿನ ಆಟಿಗೆ ಎಲೆ ಹಾಕಿ ಎಲ್ಲ ಹೇಳ್ತೇನೆ."

ಒಳಗೆ ಸದ್ದಿಲ್ಲ. ಆ ಮೌನ ಅವನಿಗೆ ಚೆನ್ನಾಗಿ ಪರಿಚಿತ. ಯಾವ ಮ್ಯೂಸಿಯಮ್ಮಿಗೆ ಹೋದರೂ ಹತ್ತು ನಿಮಿಷಕ್ಕೆ ಹೊರಗೆ ಬೆಂಚು ಹುಡುಕುವ ಗಂಡನನ್ನು ನಂಬದ ಹೆಂಡತಿಯ ಮೌನ.

"ಸರಿಯಾಗಿ ನೋಡ್ತೇನೆ. ಹದಿನೈದು ನಿಮಿಷ ನಿಲ್ತೇನೆ."

ಮೌನ.

"ಅರ್ಧ ಗಂಟೆ."

ಕುರ್ಚಿ ಒಂದಿಷ್ಟು ಕಿರುಗುಟ್ಟಿತು.

"ಆಯ್ತು ಮಾರಾಯ್ತಿ, ಒಂದು ಗಂಟೆ. ಕೂರುವುದಿಲ್ಲ. ತಾಯಿಯ ಮುಖ, ಮಗುವಿನ ಕಣ್ಣು, ಸೆರಗು ಯಾವ ಕಡೆಗೆ ಹಾರಿದೆ, ಎಲ್ಲ ನೋಡಿ ಬಂದು ಹೇಳ್ತೇನೆ. ಹೋಗು." ಕೊನೆಯ ಮಾತು ಎರಡು ಸಲ ಹೇಳಬೇಕಾಯಿತು.

ಲಿಫ್ಟು ತೆರೆಯಿತು. ಹಾರಿಸ್ ಕೀಲಿಗೊಂಚಲು ಗಲಗಲಿಸುತ್ತ ಬಂದು, ಹಿಡಿಗೆ ಕೈ ಹಾಕಿ, ತಳ್ಳಿ, ಇವರನ್ನು ವಿಚಿತ್ರವಾಗಿ ನೋಡಿದ. "ಮಫ್ತೂಹ್," ಎಂದ. ಬಾಗಿಲು ತೆರೆದೇ ಇತ್ತು.

"ಪಪ್ಪಾ, ಐ ಚೆಕ್ಡ್. ಲಾಕ್ ಆಗಿತ್ತು." ಅಪೇಕ್ಷಾ ತಂದೆಯ ತೋಳು ಹಿಡಿದಳು. "ಅಮ್ಮ ಏನಾದ್ರೂ…"

"ಒಂದು ಗಂಟೆ ನಿಲ್ಲಬೇಕಂತೆ," ಎಂದ ಯಶೋಧರ. ಒಳಗೆ ಉಂಡವರಿಗೆ ಗೊತ್ತಾಗಲೆಂದು ಕೆಮ್ಮಿ, ಬಲಗಾಲಿಟ್ಟು ಒಳಗೆ ಹೋದ.