ಬಾಗಿನ ಜೊತೆ ಬಾಗುವ ಗೆರೆ

ಗರಗಸದ ಸದ್ದು ನಿಂತಿತು, ನಿಂತ ಮೇಲೆಯೇ ಅದು ಇಷ್ಟು ಹೊತ್ತೂ ಕೂಗುತ್ತಿತ್ತು ಎಂದು ಅವಳಿಗೆ ಗೊತ್ತಾದದ್ದು, ಈಗೀಗ ಎಲ್ಲವೂ ಹೀಗೇ, ಮುಗಿದ ಮೇಲೆ ತಿಳಿಯುತ್ತದೆ, ಬೆಳಿಗ್ಗೆ ಈರುಳ್ಳಿ ಹೆಚ್ಚುವಾಗಲೂ ಹಾಗೇ ಆಯಿತು, ಬಿಳಿ ಸುರುಳಿಯೊಳಗೆ ಕೆಂಪು ಹರಿದಾಗಲೇ ಬೆರಳು ಕೊಯ್ದಿದೆ ಎಂದು ಕಂಡದ್ದು, ನೋವಿಲ್ಲ, ಉರಿಯಿಲ್ಲ, ಬೇರೆ ಯಾರದೋ ಬೆರಳೆನ್ನುವ ಹಾಗೆ ನೋಡುತ್ತ ನಿಂತಿದ್ದಳು — ಕುರ್ಚಿ ಹಾಕ್ಲಾ ಮೇಡಂ, ಸುಸ್ತಾದ ಹಾಗೆ ಕಾಣ್ತೀರಿ, ಅನ್ನುತ್ತಿದ್ದಾನೆ ಗರಗಸ ಕೆಳಗಿಟ್ಟ, ಸ್ಟಿಕ್ಕು ಮಾಡುವ ಮುದುಕ, ಬೇಡ, ಹಾಕಿ ಆಡೋ ಸ್ಟಿಕ್ಕನ್ನ ನಿಂತೇ ನೋಡ್ಬೇಕು, ಕೂತು ಆರಿಸೋಕೆ ಅದೇನು ಪರದೆ ಬಟ್ಟೇನಾ, ಎಂದಳು, ಮುದುಕ ನಕ್ಕ, ನಾಲಿಗೆ ಇನ್ನೂ ಹಳೆಯ ಪಿ.ಟಿ. ಮೇಡಂನದೇ, ಕಾಲುಗಳು ಮಾತ್ರ ಕುರ್ಚಿ ಕೇಳುತ್ತಿವೆ. ಗೋಡೆಗೆ ಒರಗಿಸಿಟ್ಟ ಸ್ಟಿಕ್ಕುಗಳು ಇಪ್ಪತ್ತೋ ಇಪ್ಪತ್ತೈದೋ, ಹಿಡಿಗೆ ಬೆತ್ತ, ಬಾಗಿದ ತುದಿಗೆ ಹಿಪ್ಪುನೇರಳೆ, ಇನ್ನೂ ಬಣ್ಣ ಕಾಣದ ಬಿಳಚು ಮರ, ವಾರ್ನಿಷ್ ಬಿದ್ಮೇಲೆ ಎಲ್ಲಾ ಸ್ಟಿಕ್ಕೂ ಮದುವೆ ಗಂಡೇ, ಅದಕ್ಕೆ ಮುಂಚೇನೇ ನೋಡ್ಬೇಕು ಎಂದು ಮೈದಾನದಲ್ಲಿ ನೂರು ಸಲ ಹೇಳಿದವಳು ತಾನೇ, ಈಗ ಅದನ್ನೇ ಅಕ್ಕನ ಮಗಳು ಮುದುಕನಿಗೆ ಒಪ್ಪಿಸುತ್ತಿದ್ದಾಳೆ, ನಮ್ ಚಿಕ್ಕಮ್ಮ ಕಣ್ಣು ಮುಚ್ಕೊಂಡು ಆರಿಸ್ತಾರೆ ತಾತ, ಅವರು ಆರಿಸಿದ್ದು ಹದಿನೈದು ವರ್ಷ ಬಾಳಿಕೆ ಬಂತು, ಅವರೂ ಆಡಿ ನಾನೂ ಆಡಿ, ಹೋದ ವಾರ ಬಾಗಿನ ಮೇಲೆ, ಕತ್ತಿನ ಹತ್ರ ಸೀಳ್ತು, ನಾಡಿದ್ದು ನನ್ನ ಸೆಲೆಕ್ಷನ್ನು — ಹದಿನೇಳರ ಹುಡುಗಿ, ಜೊತೆಯವರೆಲ್ಲ ಕಾರ್ಬನ್ ಸ್ಟಿಕ್ಕು ಹಿಡಿದಾಗ ಮರವೇ ಬೇಕೆಂದು ಹಟ ಹಿಡಿದವಳು, ಮರ ಆದ್ರೆ ಬಾಲು ಎಲ್ಲಿ ತಾಗ್ತು ಅಂತ ಕೈಗೆ ಹೇಳತ್ತೆ, ಕಾರ್ಬನ್ನು ಹೇಳಲ್ಲ, ಎನ್ನುತ್ತಾಳೆ, ಇದನ್ನೂ ಕಲಿಸಿದ್ದು ತಾನೇ, ಯಾಕೆ ಕಲಿಸಿದೆನೋ.

ಕೊನೆಯ ಸಲದ ಔಷಧಿ ಹನಿಹನಿಯಾಗಿ ತೋಳಿಗಿಳಿದು ಎರಡು ತಿಂಗಳಾಯಿತು, ಗಡ್ಡೆ ಹೋಯಿತು, ಕೂದಲು ಉಗುರುದ್ದ ಬಂತು, ನಮ್ಮವಳು ಗೆದ್ದು ಬಂದ್ಲು ಎಂದು ಅಕ್ಕ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ, ಪಂದ್ಯದ ಕಪ್ಪು ತಂದ ಹಾಗೆ, ಡಾಕ್ಟರು ಮಾತ್ರ ಕಾಗದದಿಂದ ತಲೆಯೆತ್ತದೆ, ಕೆಲವರಿಗೆ ಬೆರಳು ಜೋಮು ಹಿಡಿಯತ್ತೆ, ಸರಿಹೋಗ್ಬೋದು, ಹೋಗ್ದೇನೂ ಇರ್ಬೋದು, ಮುಂದಿನವರನ್ನ ಕಳಿಸಿ, ಎಂದರು — ಬೆರಳಷ್ಟೇ ಅಲ್ಲ, ಅಂಗೈ ಪೂರ್ತಿ, ಹತ್ತಿ ಸುತ್ತಿಟ್ಟ ಹಾಗೆ, ಗುಂಡಿಯನ್ನು ಕನ್ನಡಿ ನೋಡಿಕೊಂಡು ಹಾಕಬೇಕು, ಚೀಲದಲ್ಲಿ ಬೀಗದ ಕೈ ತಡಕಿದರೆ ಸಿಕ್ಕಿದ್ದೂ ತಿಳಿಯುವುದಿಲ್ಲ, ಕೈಯೇ ಕೈಕೊಟ್ಟಿತು ಎಂದು ಯಾರ ಹತ್ತಿರ ದೂರುವುದು, ಅಕ್ಕನಿಗೆ ಹೇಳಿದರೆ ಮತ್ತೆ ಅಳು ಶುರು, ಅಳುವವರನ್ನು ಸಮಾಧಾನ ಮಾಡಿ ಮಾಡಿಯೇ ಅವಳು ಹೈರಾಣಾದದ್ದು, ಕಾಯಿಲೆ ಅಷ್ಟು ದಣಿಸಲಿಲ್ಲ, ಈ ಹುಡುಗಿಯೊಬ್ಬಳೇ ಅಳಲಿಲ್ಲ, ಆಸ್ಪತ್ರೆಯ ಮಂಚದ ತುದಿಯಲ್ಲಿ ಕೂತು, ಎರಡು ಗೋಲು ಚಿಕ್ಕಮ್ಮ, ಮೂರನೇದು ಕಂಬಕ್ಕೆ ಬಡೀತು, ಎಂದು ವರದಿ ಒಪ್ಪಿಸುತ್ತಿದ್ದಳು, ಏನೂ ಆಗಿಲ್ಲವೆನ್ನುವ ಹಾಗೆ ತನ್ನನ್ನು ನೋಡುವ ಕಣ್ಣು ಇದೊಂದೇ ಉಳಿದಿರುವುದು, ಕೈ ಸತ್ತಿದೆ ಎಂದರೆ ಇದೂ ಹೋಗುತ್ತದೆ, ಹೇಳದಿದ್ದರೆ ಕೆಟ್ಟ ಸ್ಟಿಕ್ಕು ಹಿಡಿದು ಹುಡುಗಿ ನಾಡಿದ್ದು ಮೈದಾನಕ್ಕಿಳಿಯುತ್ತಾಳೆ — ಬೆರಳಿಗೇನಾಯ್ತು ಚಿಕ್ಕಮ್ಮ, ಪಟ್ಟಿ ಕಟ್ಟಿದ್ದೀಯ, ಏನಿಲ್ಲ, ಚಾಕು ಜಾರ್ತು, ಬಿಳಿ ಈರುಳ್ಳಿ, ಕೆಂಪು, ಬೇಡ, ಈಗ ಅದು ಬೇಡ.

ಕಿವಿ ಇದೆಯಲ್ಲ, ಒಂದೊಂದೇ ಸ್ಟಿಕ್ಕು ಎತ್ತಿ ಸಿಮೆಂಟು ನೆಲಕ್ಕೆ ತಟ್ಟಿದಳು, ಬೊದ್ ಎಂದದ್ದು ಒಳಗಿನ್ನೂ ಹಸಿ, ಪಕ್ಕಕ್ಕೆ, ಠಣ್ ಎಂದದ್ದು ಒಣಗಿದೆ, ಇರಲಿ, ಭುಜ ಇನ್ನೂ ಸತ್ತಿಲ್ಲ, ತೂಕ ಹೇಳುತ್ತದೆ, ಇದು ಮುಂದಕ್ಕೆ ಭಾರ, ಹುಡುಗಿಯ ಮಣಿಕಟ್ಟಿಗೆ ಆಗಿಬರುವುದಿಲ್ಲ, ಹಾಗೆ ಜರಡಿ ಹಿಡಿದು ಹಿಡಿದು ಮೂರು ಉಳಿದವು, ಇನ್ನು ನೋಡಬೇಕಾದದ್ದು ಗೆರೆ, ಮರದ ಗೆರೆ ಕತ್ತಿನಿಂದಿಳಿದು ಬಾಗಿನ ಜೊತೆ ಬಾಗಬೇಕು, ನಡುವೆಯೇ ಅಂಚಿಗೆ ಓಡಿಹೋಯಿತೋ, ಇವತ್ತಲ್ಲ ನಾಳೆ ಅಲ್ಲೇ ಸೀಳು, ಹಿಂದೆ ಹೆಬ್ಬೆರಳಿಗೇ ಗೆರೆ ಸಿಗುತ್ತಿತ್ತು, ಈಗ ಕಣ್ಣಿಗೂ ಸಿಗುತ್ತಿಲ್ಲ, ಔಷಧಿ ಕಣ್ಣನ್ನೂ ಬಿಟ್ಟಿಲ್ಲ, ಬಿಳಚು ಮರದ ಮೇಲೆ ಎಲ್ಲ ಮಸುಕು, ಕಣ್ಣು ಮುಚ್ಚು ಚಿಕ್ಕಮ್ಮ, ನಾನು ಸ್ಟಿಕ್ಕಿನ ಮೇಲೆ ಬಾಲು ಪುಟಿಸ್ತೀನಿ, ಎಂದಳು ಹುಡುಗಿ, ಸರಿ, ಮುಚ್ಚಿದಳು, ನಾಟಕವಾದರೂ ಪೂರ್ತಿ ಆಡೋಣ, ಅಂಗೈಯನ್ನು ಕತ್ತಿನಿಂದ ಬಾಗಿನವರೆಗೆ ಎಳೆದಳು, ಟಕ್, ಚೆಂಡು ಬಿತ್ತು, ಕಿವಿಗೆ ಬಿತ್ತು, ಕೈಗೆ ಬೀಳಲಿಲ್ಲ, ಹನ್ನೆರಡನೇ ವಯಸ್ಸಿನಲ್ಲಿ ಮೊದಲ ಸಲ ಹೀಗೆ ಕಣ್ಣು ಮುಚ್ಚಿ ನಿಂತಾಗ ಚೆಂಡಿನ ಝುಂ ಎನ್ನುವುದು ಮೊಣಕೈವರೆಗೂ ಏರಿ ಬಂದು ತನಗೆ ನಗು ತಡೆಯಲಾಗಿರಲಿಲ್ಲ, ಆ ನಗು ಎಲ್ಲಿ ಹೋಯಿತು, ಇದು ಸ್ವಲ್ಪ ಮೊಂಡು, ಎಂದಳು, ಅಪ್ಪಟ ಸುಳ್ಳು, ಎರಡನೆಯದು, ಟಕ್, ಇದು ಪರವಾಗಿಲ್ಲ, ಇನ್ನೊಂದು ಸುಳ್ಳು, ಹುಡುಗಿ ನಂಬುತ್ತಿದ್ದಾಳೆ, ನಂಬುವವರಿಗೆ ಸುಳ್ಳು ಹೇಳುವುದು ಎಷ್ಟು ಸುಲಭ, ಎಷ್ಟು ಆಯಾಸ, ಮೂರನೆಯದು, ಅಂಗೈ ಕತ್ತಿನಿಂದ ಬಾಗಿಗೆ, ನಿಧಾನ, ಈಗ ಟಕ್ ಬರಬೇಕು, ಬರಲಿಲ್ಲ, ಚೆಂಡು ನೆಲದಲ್ಲಿ ಉರುಳಿಹೋದ ಸದ್ದು, ಚಿಕ್ಕಮ್ಮ.

ಕಣ್ಣು ಬಿಟ್ಟಳು. ಹುಡುಗಿ ಸ್ಟಿಕ್ಕು ನೋಡುತ್ತಿದ್ದಾಳೆ, ಒಂದರಿಂದ ಇನ್ನೊಂದಕ್ಕೆ, ಮೂರರ ಮೇಲೂ ಕೆಂಪು, ಕೈ ತಿರುಗಿಸಿದರೆ ಅಂಗೈಯ ನಡುವೆ ಬೆಂಕಿಕಡ್ಡಿಯಷ್ಟುದ್ದದ ಸಿಬಿರು, ಮೊದಲನೆಯ ಸ್ಟಿಕ್ಕಿನದೇ ಇರಬೇಕು, ಅದನ್ನು ಹೊತ್ತುಕೊಂಡೇ ಉಳಿದೆರಡನ್ನೂ ಸವರಿದ್ದಾಳೆ, ಅಯ್ಯೋ ಮೇಡಂ, ಮರಳು ಕಾಗದ ಇನ್ನೂ ಹಾಕಿರ್ಲಿಲ್ಲ, ಎನ್ನುತ್ತ ಮುದುಕ ಬಟ್ಟೆ ತರಲು ಒಳಗೆ ಓಡಿದ, ನೋವಾಗ್ಲಿಲ್ವಾ, ಇಲ್ಲ, ಯಾವಾಗಿಂದ, ಎರಡು ತಿಂಗಳಾಯ್ತು, ಅಮ್ಮಂಗೆ ಗೊತ್ತಾ, ಇಲ್ಲ — ಈಗ ಅಳುತ್ತಾಳೆ, ಇವಳನ್ನೂ ಸಮಾಧಾನ ಮಾಡಬೇಕು, ಅದಕ್ಕೆ ತ್ರಾಣವಿಲ್ಲ, ಎಲ್ಲಾದರೂ ಕೂತುಬಿಡಬೇಕು — ಹುಡುಗಿ ಅಳಲಿಲ್ಲ, ಚಿಕ್ಕಮ್ಮನ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಉಗುರಲ್ಲಿ ಸಿಬಿರು ಕಿತ್ತಳು, ತನ್ನ ಕರ್ಚೀಫು ಬಿಗಿದು ಕಟ್ಟಿದಳು, ಮೂರೂ ಸ್ಟಿಕ್ಕನ್ನು ಬೆಳಕಿಗೆ ತಂದು ಅವಳ ಮುಂದೆ ಸಾಲಾಗಿ ಇಟ್ಟಳು, ಕೈ ವಿಷ್ಯ ಬಿಡು, ನೀನು ಹೇಳು ಚಿಕ್ಕಮ್ಮ, ಯಾವುದು, ಎಂದಳು, ಪಂದ್ಯದ ವರದಿ ಒಪ್ಪಿಸುವ ಅದೇ ದನಿ, ಅದೇ ಕಣ್ಣು, ಅವಳು ಸ್ಟಿಕ್ಕುಗಳ ಮೇಲೆ ಬಗ್ಗಿದಳು, ಮರದೊಳಗೆ ರಕ್ತ ಗೆರೆ ಹಿಡಿದು ಇಂಗುತ್ತಿತ್ತು, ಮೊದಲನೆಯದರಲ್ಲಿ ಅಂಚಿಗೆ ಓಡಿಹೋಗಿದೆ, ಎರಡನೆಯದರಲ್ಲೂ ಅಂಚಿಗೆ, ಮೂರನೆಯದರಲ್ಲಿ ಎರಡು ಬೆರಳುದ್ದ, ದಾರದಷ್ಟು ಸಣ್ಣ, ಕತ್ತಿನಿಂದಿಳಿದು, ಬಿಳಿಯ ಮೇಲೆ, ಬಾಗಿನ ಜೊತೆ ಬಾಗಿ, ಕೆಂಪು, ಬಾಗಿ, ಕೆಂಪು ಗೆರೆ