ಎರಡು ಹರಕೆಯ ಒಂದು ಕೈ

ಸಾಂಬ್ರಾಣಿ, ಅಲ್ಲ, ಅದಕ್ಕಿಂತ ಸಿಹಿ, ದೋಹಾದ ಅಲ್ ಸದ್ದ್ ಪೇಟೆಯ ಅತ್ತರಿನಂಗಡಿಯ ಹೊಗೆಗೂ ನಮ್ಮೂರ ಭೂತದ ಗರಡಿಯ ಧೂಪದ ಹೊಗೆಗೂ ಹುಟ್ಟಿದ ಮಗಳ ಹಾಗೆ ಮೂಗಿಗೆ ಹೊಡೆಯುತ್ತಿದೆ, ಸಾಲು ಮುಂದೆ ಹೋಗುವುದೇ ಇಲ್ಲ, ಈ ಗ್ರೀಕರು ಮೇರಿಯಮ್ಮನ ಪಟಕ್ಕೆ ಮುತ್ತಿಟ್ಟು ಮನೆಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳದೆ ಕದಲುವ ಜನವಲ್ಲ, ಹೊರಗಿನಿಂದ ನೋಡಿದರೆ ಚರ್ಚು ಅಂತ ಗೊತ್ತೇ ಆಗುವುದಿಲ್ಲ, ಶಿಲುಬೆಯಿಲ್ಲ, ಗಂಟೆಯಿಲ್ಲ, ಗೋದಾಮಿನಂಥ ಗೋಡೆ, ಒಳಗೆ ಮರಳು ತುಂಬಿದ ತಟ್ಟೆಯಲ್ಲಿ ಮೇಣದಬತ್ತಿಗಳು — ಕತಾರಿನಲ್ಲಿ ಮರಳಿಗೇನು ಬರ — ಕಿಸೆಯಲ್ಲಿ ಬೆಳ್ಳಿಯ ಕೈ ಎದೆಗೆ ತಾಗಿ ತಣ್ಣಗಿದೆ, ನಾಳೆ ವಿಮಾನ, ವೀಸಾ ಖಲಾಸ್, ಇವತ್ತು ಇದನ್ನು ಇಲ್ಲಿ ಕಟ್ಟದಿದ್ದರೆ ಗೆಳೆಯ ಸ್ಟಮಾಟಿಸ್‌ನ ಹರಕೆ ಹಾಗೇ ಉಳಿಯುತ್ತದೆ, ಸತ್ತವನ ಹರಕೆ, ಕಾರಿನಲ್ಲಿ ಕರೆತಂದ ಆಫೀಸಿನ ಸಿಸಿಲಿಯಾ ಪಿಸುಗುಡುತ್ತಾಳೆ, ಗಿರಿಯಪ್ಪಣ್ಣ, ಹೆದರ್ಬೇಡಿ ಮಾರಾಯ್ರೆ, ನಮ್ಮ ಮಂಗ್ಳೂರಲ್ಲಿ ಹರಕೆಗೆ ಮೇಣದ ಕೈ ಇಡ್ತಾರೆ, ಇವ್ರು ಬೆಳ್ಳಿದು, ಅಷ್ಟೇ. ಹೆದರಿಕೆಯಲ್ಲ ಮಾರಾಯ್ತಿ, ಕೊಡಲು ಮನಸ್ಸು ಬರುತ್ತಿಲ್ಲ, ಅವನದು ಅಂತ ನನ್ನ ಹತ್ತಿರ ಉಳಿದದ್ದು ಇದೊಂದೇ.

ದೋಹಾ ಬಂದರಿನಲ್ಲಿ ಅವನು ಹಡಗು ಎಳೆಯುವ ಟಗ್ ಬೋಟಿನ ಕ್ಯಾಪ್ಟನ್, ನಾನು ದಕ್ಕೆಯಲ್ಲಿ ಅದರ ಹಗ್ಗ ಕಟ್ಟಿ ಬಿಚ್ಚುವವನು, ಹೊರಡುವಾಗ ಕಿಟಕಿಯಿಂದ ಬೆರಳು ಬಿಡಿಸಿ ಕೈ ಎತ್ತುತ್ತಿದ್ದ, ಗಿರೀ, ಬಿಡು! ನಾನು ಹಗ್ಗ ಬಿಡುತ್ತಿದ್ದೆ, ದಿನವೂ ಅದೇ, ಕಾಫಿಯ ಮೊದಲ ಗುಟುಕನ್ನು ಡೆಕ್ಕಿಗೆ ಚೆಲ್ಲುತ್ತಿದ್ದ, ಮುಳುಗಿ ಸತ್ತವರಿಗಂತೆ, ನಮ್ಮಪ್ಪ ಗುಳಿಗ ಭೂತದ ಕಲ್ಲಿಗೆ ಕಳ್ಳು ಹೊಯ್ಯುತ್ತಿದ್ದದ್ದು ಹೇಳಿದೆ, ನೋಡು, ನಿಮ್ಮಪ್ಪನೂ ಗ್ರೀಕನೇ, ಅಂದ ಕಳ್ಳ, ಅವನ ದ್ವೀಪದಲ್ಲಿ ನೆಲ ಅಗೆದರೆ ಮಣ್ಣಿನ ಕೈ, ಮಣ್ಣಿನ ಕಾಲು, ಮೊಲೆ ಕೂಡ ಸಿಗುತ್ತವಂತೆ, ಏಸುವಿಗಿಂತ ಹಿಂದೆ ರೋಗ ವಾಸಿ ಮಾಡುತ್ತಿದ್ದ ಯಾವುದೋ ದೇವರಿಗೆ ಕೊಟ್ಟದ್ದು, ದೇವರು ಬದಲಾದ, ಗಿರೀ, ನೋವು ಅದೇ, ಕೈಯೂ ಅದೇ.

ಆ ದಿನವೂ ಕೈ ಎತ್ತಿದ, ಬಿಡು! ನಾನು ಬಿಡುವುದರೊಳಗೆ ಹಗ್ಗ ಬಿಗಿಯಿತು, ಹಗ್ಗಕ್ಕೂ ಕಬ್ಬಿಣದ ಗೂಟಕ್ಕೂ ನಡುವೆ ನನ್ನ ಬಲಗೈ, ಆಸ್ಪತ್ರೆಯ ಬಾಗಿಲಲ್ಲೇ ಅವನು ತನ್ನ ಪನಾಯಿಯಾಗೆ, ಅದೇ ಮೇರಿಯಮ್ಮನಿಗೆ, ಬೆಳ್ಳಿಯ ಕೈಯ ಹರಕೆ ಹೇಳಿಕೊಂಡ, ಊರಲ್ಲಿ ನನ್ನ ಹೆಂಡತಿ ಚೆನ್ನು ಸುಬ್ರಹ್ಮಣ್ಯನಿಗೆ ಬೆಳ್ಳಿಯ ಕೈ ಹೇಳಿಕೊಂಡಳು, ಇವನಿಗೆ ಅವಳದು ಗೊತ್ತಿಲ್ಲ, ಅವಳಿಗೆ ಇವನದು ಗೊತ್ತಿಲ್ಲ, ಕೈ ಉಳಿಯಿತು, ಕಿರುಬೆರಳು ಉಂಗುರ ಬೆರಳು ಹೋದವು, ಫೋನಿನಲ್ಲಿ ಚೆನ್ನು, ಮತ್ತೆಂತ, ಇಬ್ರು ದೇವರಿಗೆ ಹೇಳಿದ್ರೆ ಅವ ನೋಡ್ತಾನೆ ಅಂತ ಇವಳು, ಇವಳು ನೋಡ್ತಾಳೆ ಅಂತ ಅವ, ಎರಡು ಬೆರಳು ಮಧ್ಯದಲ್ಲಿ ಬಿದ್ದುಹೋಯ್ತು; ಸ್ಟಮಾಟಿಸ್‌ಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕ, ಆಮೇಲೆ ನನ್ನ ಹೆಬ್ಬೆರಳು ತೋರುಬೆರಳು ನಡುಬೆರಳು ಹಿಡಿದು ತುದಿ ಕೂಡಿಸಿದ, ನಾವು ಶಿಲುಬೆ ಗುರುತು ಮಾಡುವುದು ಈ ಮೂರರಲ್ಲೇ ಕತ್ತೆ, ಪನಾಯಿಯಾ ಬೇಕಾದದ್ದನ್ನೇ ಉಳಿಸಿದ್ದಾಳೆ.

ಚೆನ್ನು ತನ್ನ ಹರಕೆ ಆಗಲೇ ತೀರಿಸಿದಳು, ಇವನು ತನ್ನ ದ್ವೀಪದ ಬೆಳ್ಳಿ ಕೆಲಸದವನಿಂದ ಕೈ ಮಾಡಿಸಿ ತಂದು ಡ್ರಾಯರಿನಲ್ಲಿಟ್ಟ, ಕೈಯ ಯಜಮಾನ ಇಲ್ಲದೆ ಕಟ್ಟುವುದಿಲ್ಲ, ನೀನು ನನ್ನ ದ್ವೀಪಕ್ಕೆ ಬಾ, ಇಬ್ಬರೂ ಸೇರಿ ಕಟ್ಟೋಣ. ನನಗೆ ಈ ವರ್ಷ ರಜೆಯಿಲ್ಲ, ಮುಂದಿನ ವರ್ಷ ಮಗಳ ಮದುವೆ, ಮುಂದಿನ ವರ್ಷ — ಅವನು ಎದೆ ಹಿಡಿದುಕೊಂಡು ಚುಕ್ಕಾಣಿಯ ಮೇಲೆಯೇ ಬಿದ್ದನಂತೆ, ಶವ ವಿಮಾನದಲ್ಲಿ ದ್ವೀಪಕ್ಕೆ ಹೋಯಿತು, ಅವನ ಸಾಮಾನು ಕಟ್ಟಿದವರು ಇದನ್ನು ತಂದು ನನ್ನ ಅಂಗೈಯಲ್ಲಿಟ್ಟರು.

ಗಿರಿಯಪ್ಪಣ್ಣ, ನಿಮ್ಮ ಸರದಿ. ಪಟದ ಕೆಳಗೆ ತಂತಿ, ತಂತಿಯಲ್ಲಿ ಬೆಳ್ಳಿಯ ಕಣ್ಣು, ಕಾಲು, ಒಂದು ಕೂಸು, ಯಾರ ಕೂಸೋ, ನೀಲಿ ದಾರ ತೂರಿಸುತ್ತೇನೆ, ಗಂಟು ಬೀಳುವುದಿಲ್ಲ, ಮೂರು ಬೆರಳಿಗೆ ದಾರ ದಕ್ಕುವುದಿಲ್ಲ, ಹಿಂದಿನಿಂದ ಕಪ್ಪು ಸೀರೆಯ — ಸೀರೆಯಲ್ಲ, ಕಪ್ಪು ಲಂಗದ — ಗ್ರೀಕ್ ಅಜ್ಜಿ ಬಂದು ನನ್ನ ಕೈ ನೋಡಿದಳು, ಬೆಳ್ಳಿಯ ಕೈ ನೋಡಿದಳು, ತಾನೇ ಗಂಟು ಹಾಕಿದಳು, ಆದರೆ ನಾನು ದಾರ ಹಿಡಿದೇ ಇದ್ದೇನೆ, ಹೆಬ್ಬೆರಳು ತೋರುಬೆರಳು ನಡುಬೆರಳು ತುದಿ ಕೂಡಿ, ಅವನು ಕೂಡಿಸಿದ ಹಾಗೇ, ಸಾಲು ಹಿಂದೆ ಕೆಮ್ಮುತ್ತಿದೆ, ಅಣ್ಣಾ ಸಾಕು, ಏಸಿಯ ಗಾಳಿಗೆ ಬೆಳ್ಳಿಯ ಕೈ ಅಲುಗಿ ನನ್ನ ಕಡೆ ತಿರುಗುತ್ತದೆ, ಕಿಟಕಿಯಿಂದ ಎತ್ತಿದ ಕೈ, ಐದೂ ಬೆರಳು ಬಿಡಿಸಿ, ಗಿರೀ, ಬಿಡು — ಐದೂ ಬೆರಳು — ಬಿಡು —